ನೈಟ್ ಹೆರನ್ ಅವರ ದುಃಖದ ಬಗ್ಗೆ ಯಿಶುನ್‌ನಿಂದ ಒಂದು ದೂರು

ಮಾನ್ಯರಲ್ಲಿ ಮಾನ್ಯರಾದ ಶ್ರೀ ನೈಟ್ ಹೆರನ್ ಅವರೇ,

ವರ್ಷದ ಅತ್ಯುತ್ತಮ ಸೂಪರ್‌ಹೀರೋ ಗೇಮ್‌ನ ನಾಯಕರೂ, ನೆಲ ಗುಡಿಸುವಷ್ಟು ಉದ್ದದ ಕಪ್ಪು ನಿಲುವಂಗಿಯ ಒಡೆಯರೂ, ವಿಮರ್ಶಕರಿಂದ ಹತ್ತಕ್ಕೆ ಹತ್ತು ಅಂಕ ಪಡೆದವರೂ ಆದ ತಮ್ಮ ಪಾದಗಳಿಗೆ, ಅವು ಈ ಹೊತ್ತು ಯಾವ ತಾರಸಿಯ ಅಂಚಿನಲ್ಲಿದ್ದರೂ ಸರಿ, ಈ ಪರದೇಶದ ಯಿಶುನ್ ಬಡಾವಣೆಯ ಹನ್ನೊಂದನೇ ಮಹಡಿಯಿಂದ ಸರೋಜಾ ಮಾಡುವ ನಮಸ್ಕಾರಗಳು. ತಮ್ಮ ಕಂಪನಿಗೆ ನಾನು ದೂರು ಕೊಡಲು ಹೋದಾಗ ಫೋನಿನ ಪರದೆಯ ಮೇಲೆ ತಮ್ಮ ಮುಖವೇ ಮೂಡಿ, ನಾನು ನೈಟ್ ಹೆರನ್, ನಿಮ್ಮ ನೋವು ನನಗೆ ಅರ್ಥವಾಗುತ್ತದೆ, ನಿಮಗೆ ಅನುಕೂಲವಾದ ಯಾವ ಭಾಷೆಯಲ್ಲಾದರೂ ಬರೆಯಿರಿ ಎಂದಿತು. ನನಗೆ ಅನುಕೂಲವಾದದ್ದು ಕನ್ನಡ. ಇಂಥದ್ದನ್ನೆಲ್ಲ ದಿನಚರಿಯಲ್ಲಿ ಬರೆದುಕೊಂಡು ಸುಮ್ಮನಿರುವುದು ನನ್ನ ರೂಢಿ. ಆದರೆ ತಮ್ಮಂಥ ದೊಡ್ಡವರ ವಿಷಯವನ್ನು ಡ್ರಾಯರ್‌ನಲ್ಲಿ ಮುಚ್ಚಿಡುವುದು ಅಗೌರವವೆನಿಸಿ, ಇಲ್ಲಿಯ ಕನ್ನಡಿಗರೆಲ್ಲ ಓದಲಿ ಎಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ವಿಷಯ ಇಷ್ಟೆ. ತಮ್ಮನ್ನು ಹಡೆದ ಕಂಪನಿಯೇ ತಮಗಿಂತ ಮೊದಲು ‘ಕಾಪರ್ ಕಾಮೆಟ್’ ಎಂಬ ಇನ್ನೊಂದು ಗೇಮ್ ಹಡೆದಿತ್ತು. ಅದನ್ನು ಯಾರೂ ಮೆಚ್ಚಲಿಲ್ಲವಂತೆ. ಆದ್ದರಿಂದ ಈ ತಿಂಗಳ ಕೊನೆಗೆ ಅದರ ಸರ್ವರ್ ಮುಚ್ಚುತ್ತಾರಂತೆ, ಕೊಂಡವರಿಗೆಲ್ಲ ಬೇಸರವಾಗಬಾರದೆಂದು ತಮ್ಮನ್ನು ಪುಕ್ಕಟೆಯಾಗಿ ಕಳಿಸಿದ್ದಾರಂತೆ. ಹೀಗೆ ತಾವು ನಮ್ಮ ಟಿವಿಯೊಳಗೆ ಬಂದು ಇಳಿದಿದ್ದೀರಿ. ಬಂದವರಿಗೆ ಒಂದು ಲೋಟ ಕಾಫಿ ಕೊಡುವ ಮರ್ಯಾದೆ ನಮ್ಮಲ್ಲಿದೆ, ಆದರೆ ತಾವು ಮಳೆಯಲ್ಲಿ ನಿಂತು ನಗರವನ್ನು ದಿಟ್ಟಿಸುವುದರಲ್ಲಿ ಮಗ್ನರಾಗಿದ್ದರಿಂದ ಕರೆಯಲಿಲ್ಲ.

ಕಾಪರ್ ಕಾಮೆಟ್‌ನ ದೋಷಗಳನ್ನು ನಾನು ಅಲ್ಲಗಳೆಯುವುದಿಲ್ಲ. ಅದೇ ಹೆಸರಿನ ಅದರ ನಾಯಕನಿಗೆ ಸಣ್ಣ ಡೊಳ್ಳುಹೊಟ್ಟೆ ಇದೆ. ಬಟ್ಟೆಯ ಬಣ್ಣ ಗ್ಯಾಸ್ ಸಿಲಿಂಡರ್‌ನ ಹಾಗಿದೆ. ಟ್ರಾಲಿ ಎಳೆದುಕೊಂಡು ಮಾರ್ಕೆಟ್‌ಗೆ ಹೊರಟ ಆಂಟಿಯಷ್ಟು ನಿಧಾನವಾಗಿ ಹಾರುತ್ತಾನೆ ಎಂದು ಒಬ್ಬ ವಿಮರ್ಶಕರು ಬರೆದಿದ್ದರು. ನಾನು ಪ್ರತಿ ಶನಿವಾರ ಟ್ರಾಲಿ ಎಳೆದುಕೊಂಡು ಮಾರ್ಕೆಟ್‌ಗೆ ಹೋಗುವ ಆಂಟಿಯೇ ಆದ್ದರಿಂದ ಹೋಲಿಕೆ ಸರಿಯಾಗಿದೆಯೆಂದು ಪ್ರಮಾಣೀಕರಿಸುತ್ತೇನೆ. ಎಲ್ಲಕ್ಕಿಂತ ದೊಡ್ಡ ಅಪರಾಧವೆಂದರೆ, ಅವನು ಯಾರನ್ನಾದರೂ ಕಾಪಾಡಿದ ಕೂಡಲೇ ಆಟ ನಿಂತುಹೋಗಿ, ಈ ವ್ಯಕ್ತಿಯ ಹೆಸರೇನು ಎಂದು ಕೇಳುತ್ತದೆ. ಹೆಸರು ಟೈಪ್ ಮಾಡುವವರೆಗೆ ಅವನು ಆ ವ್ಯಕ್ತಿಯನ್ನು ಎತ್ತಿಕೊಂಡು ಆಕಾಶದಲ್ಲೇ ಕಾಯುತ್ತಾನೆ. ಮುಂದಕ್ಕೆ ಹಾರಿಸುವ ಬಟನ್ ಇಲ್ಲ. ಹೆಸರು ಬಂದ ಮೇಲೆ ಅವರನ್ನು ಮನೆಗೆ ಮುಟ್ಟಿಸುತ್ತಾನೆ, ಬಾಗಿಲು ತೆರೆದವರು ಯಾರೇ ಇರಲಿ ಒಂದೇ ಮಾತು ಹೇಳುತ್ತಾರೆ: ತಡವಾಯಿತಲ್ಲ, ಒಳಗೆ ಬಾ. ಇಡೀ ಗೇಮ್‌ಗೆ ಒಂದೇ ಸಂಭಾಷಣೆ ಬರೆದ ಸೋಮಾರಿಗಳು ಎಂದು ವಿಮರ್ಶಕರು ನಕ್ಕರು.

ನಮ್ಮ ಮನೆಯವರು, ಮುಕುಂದ, ನಗಲಿಲ್ಲ. ಚಾಂಗಿ ಬಿಸಿನೆಸ್ ಪಾರ್ಕ್‌ನಲ್ಲಿ ಒಂದು ಬ್ಯಾಂಕಿನ ಹಿಂಬದಿ ಕಚೇರಿಯಲ್ಲಿ ಕುಳಿತು, ಗ್ರಾಹಕರ ಹೆಸರು ಅವರವರ ಪಾಸ್‌ಪೋರ್ಟಿನಲ್ಲಿರುವಂತೆಯೇ ಇದೆಯೇ ಎಂದು ನೋಡುವುದು ಅವರ ಕೆಲಸವಾಗಿತ್ತು. ಬೇರೆ ಆಟಗಾರರು ಎಬಿಸಿ ಎಂದೋ ಬಾಯಿಗೆ ಬಂದದ್ದೋ ಒತ್ತಿ ಮುಂದೆ ಹೋಗುವಾಗ, ಇವರು ಸೇತುವೆಯಿಂದ ಬೀಳುತ್ತಿದ್ದ ಮೊದಲ ಮುದುಕಿಗೆ ತಮ್ಮ ಸೋದರತ್ತೆಯ ಹೆಸರನ್ನಿಟ್ಟರು. ಗೇಮ್ ಹೆಸರಿನ ಜೊತೆಗೆ ಕುಟುಂಬದ ಹೆಸರನ್ನೂ ಕೇಳಿತು. ನಮ್ಮ ಕಡೆ ಅಂಥದ್ದೊಂದು ಎಲ್ಲಿದೆ? ಊರಿನ ಹೆಸರು ಹಾಕಿ, ಸೀತಾ ಹುಣಸೂರು ಎಂದರು. ಆಮೇಲೆ ಹುಣಸೂರಿನವರೆಂದು ನೆನಪಾದವರೆಲ್ಲ ಒಬ್ಬೊಬ್ಬರಾಗಿ ಬೆಂಕಿಯಿಂದ, ನೀರಿನಿಂದ, ಕೆಟ್ಟ ಲಿಫ್ಟ್‌ನಿಂದ ಪಾರಾಗಿ ಬಂದರು. ಪೋಸ್ಟ್‌ಮಾಸ್ಟರು, ಟೈಲರು, ಶತ್ರುಗಳಾಗಿದ್ದ ಇಬ್ಬರು ಮೇಷ್ಟ್ರು. ಕುಟುಂಬದ ಹೆಸರು ಒಂದೇ ಆದ್ದರಿಂದ ಗೇಮ್ ಅವರನ್ನೆಲ್ಲ ಒಂದೇ ಮನೆಯಲ್ಲಿ ತುಂಬಿತು. ಆ ಮೇಷ್ಟ್ರುಗಳಿಬ್ಬರೂ ಒಂದೇ ಬಾಲ್ಕನಿಯಲ್ಲಿ ನಿಂತು ಕೈ ಬೀಸುವುದನ್ನು ನೋಡಿ ಇವರು ಸೋಫಾದಿಂದ ಜಾರುವಷ್ಟು ನಕ್ಕರು.

ನನ್ನನ್ನೂ ಒಂದು ದಿನ ಕಾಪಾಡಿದರು. ಬ್ಯಾಗ್ ಹಿಡಿದ ಒಬ್ಬ ಹೆಂಗಸು ರೈಲಿನ ಬಾಗಿಲಿಗೆ ಸಿಕ್ಕಿಕೊಂಡಿದ್ದಳು. ಅವಳಿಗೆ ನನ್ನ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆಯೇ, ನಮ್ಮಪ್ಪನ ಹೆಸರು ಸೇರಿಸಿ, ಸರೋಜಾ ನಂಜುಂಡಯ್ಯ ಎಂದು ಬರೆದರು. ಗೇಮ್ ಅವಳನ್ನು ತೆಗೆದುಕೊಂಡು ಹೋಗಿ ಊರಾಚೆಯ ಕಟ್ಟಡದಲ್ಲಿ ಒಂಟಿಯಾಗಿ ಬಿಟ್ಟಿತು.

“ರೀ, ನನ್ನೊಬ್ಬಳನ್ನೇ ಯಾಕ್ರೀ ಬೇರೆ ಮನೇಲಿ ಕೂರಿಸಿದ್ರಿ?” ಎಂದೆ.

“ಪಾಸ್‌ಪೋರ್ಟ್‌ನಲ್ಲಿ ಇರೋ ಹಾಗೇ ಹಾಕ್ಬೇಕು ಕಣೆ, ಇಲ್ದಿದ್ರೆ ರಿಜೆಕ್ಟ್ ಆಗುತ್ತೆ. ಇರು, ನಾನೂ ಬರ್ತೀನಿ. ತಲೆ ತುಂಬಾ ಕೂದಲಿರೋ ಗಂಡಸು ಒಬ್ಬ ಬೀಳ್ಲಿ.”

ತಮ್ಮ ಬೋಳುತಲೆಯನ್ನು ಆ ಊರಿಗೂ ಒಯ್ಯುವ ಇಷ್ಟ ಅವರಿಗಿರಲಿಲ್ಲ. ಕಾಯುತ್ತಾ ಹೋದರು. ದೀಪಾವಳಿ ಕಳೆದ ವಾರ ಎಕ್ಸ್‌ಪೋ ಸ್ಟೇಷನ್‌ನಲ್ಲಿ ಇಳಿದು ಆಫೀಸಿಗೆ ಹೊರಟವರು ಮೆಟ್ಟಿಲ ಬಳಿ ಸ್ವಲ್ಪ ಕುಳಿತುಕೊಂಡರು, ಮತ್ತೆ ಏಳಲಿಲ್ಲ.

ಇಲ್ಲಿಂದ ಮುಂದೆ, ಮಾನ್ಯರೇ, ನಾನು ತಮ್ಮ ಅಭಿಮಾನಿಯಾಗಿಯೇ ಮಾತಾಡುತ್ತೇನೆ, ಏಕೆಂದರೆ ದುಃಖವನ್ನು ಇಷ್ಟು ಆಳವಾಗಿ ತೋರಿಸಿದ ಗೇಮ್ ಇನ್ನೊಂದಿಲ್ಲ ಎಂದು ಲೋಕವೆಲ್ಲ ತಮ್ಮನ್ನು ಹೊಗಳಿದೆ. ತಾವೂ ಪತ್ನಿಯನ್ನು ಕಳೆದುಕೊಂಡವರು. ಕಲಿಯುವುದು ಏನಾದರೂ ಇದ್ದೀತೆಂದು ತಮ್ಮನ್ನು ಮೊದಲಿನಿಂದ ಕೊನೆಯವರೆಗೆ ಆಡಿ ಮುಗಿಸಿದೆ. ಎಂಥ ದುಃಖ ತಮ್ಮದು! ಮಳೆ ತಾವು ನಿಂತಲ್ಲಿಗೇ ಬರುತ್ತದೆ, ಪಿಟೀಲು ತಾನಾಗಿ ಕೇಳುತ್ತದೆ, ನಿಲುವಂಗಿ ಗಾಳಿಗೆ ಸರಿಯಾದ ಕಡೆಗೇ ಹಾರುತ್ತದೆ. ಪತ್ನಿಯ ಫೋನ್ ಲೈನ್ ರದ್ದು ಮಾಡಿಸಲು ಅಂಗಡಿಗೆ ಹೋಗಿ, ಲೈನ್ ಯಾರ ಹೆಸರಿನಲ್ಲಿದೆಯೋ ಅವರೇ ಬರಬೇಕು ಎಂದು ಹೇಳಿಸಿಕೊಂಡು ತಾವು ಬಂದದ್ದಿಲ್ಲ. ಒಬ್ಬರ ದೋಸೆಗೆ ಎಷ್ಟು ಅಕ್ಕಿ ನೆನೆಹಾಕಬೇಕೆಂದು ತಿಳಿಯದೆ ಪಾತ್ರೆ ಹಿಡಿದು ನಿಂತದ್ದಿಲ್ಲ. ಅಷ್ಟು ವರ್ಷದ ಶೋಕದಲ್ಲಿ ಒಂದು ಲೋಟವನ್ನೂ ತಾವು ತೊಳೆದದ್ದನ್ನು ನಾನು ಕಾಣೆ. ಸಿಕ್ಕಿದವರನ್ನು ಹೊಡೆಯುತ್ತೀರಿ, ಮತ್ತೆ ತಾರಸಿ ಹತ್ತುತ್ತೀರಿ. ತಮ್ಮ ನಗರದಲ್ಲಿ ಕಾಪಾಡುವುದಕ್ಕೆ ಜನರೇ ಇಲ್ಲ, ಹೊಡೆಯುವುದಕ್ಕೆ ಮಾತ್ರ ಇದ್ದಾರೆ. ನಮ್ಮ ಯಿಶುನ್ ಕೆರೆಯ ಬಳಿ ತಮ್ಮ ಹೆಸರಿನ ಬಕಪಕ್ಷಿಗಳು ಹೀಗೆಯೇ ಕುತ್ತಿಗೆ ಒಳಗೆಳೆದು ನಿಂತಿರುತ್ತವೆ. ಅವು ನಡುವೆ ಮೀನಾದರೂ ಹಿಡಿಯುತ್ತವೆ.

ನನ್ನ ತಂಗಿಯ ಮಗಳು ಜಾನ್ವಿ, ಇಲ್ಲಿಯೇ ಹುಟ್ಟಿ ಬೆಳೆದವಳು, ತಮ್ಮ ಪರಮ ಭಕ್ತೆ. ನಾನು ಒಂಟಿಯಾಗಿ ಕಾಮೆಟ್ ಆಡುವುದನ್ನು ಕಂಡು, “ದೊಡ್ಡಮ್ಮ, ಇದು ಸೋ ಸ್ಲೋ ಲಾ! ಹೆರನ್ ಆಡಿ, ಅದು ಮಾಸ್ಟರ್‌ಪೀಸ್. ಎಂಡಿಂಗ್‌ನಲ್ಲಿ ನಾನು ಎಷ್ಟು ಅತ್ತೆ ಗೊತ್ತಾ?” ಎಂದಳು.

“ಅವನ ಹೆಂಡತಿ ಹೆಸರೇನೇ?” ಎಂದು ಕೇಳಿದೆ.

ಅವಳು ಯೋಚಿಸಿದಳು. ಫೋನ್ ತೆಗೆದು ಹುಡುಕಿದಳು. “ಹೆಸರು ಇಲ್ಲ ದೊಡ್ಡಮ್ಮ. ಬರೀ ‘ವೈಫ್’ ಅಂತಿದೆ. ಅದು ಸಿಂಬಾಲಿಕ್.”

ಅಭಿನಂದನೆಗಳು, ಮಾನ್ಯರೇ. ಹತ್ತಕ್ಕೆ ಹತ್ತು.

ಆ ಪತ್ನಿಯದೆಂದು ತೋರಿಸುವ ಸಾಂಕೇತಿಕವಾದ ಒಂದು ಕೈ, ಸಾಂಕೇತಿಕವಾದ ಒಂದು ಫೋಟೋ, ಅದಕ್ಕಾಗಿ ನಗರದ ಅರ್ಧ ಕಿಟಕಿಗಳನ್ನು ಒಡೆದು ಹಾಕಿದ ಮಹನೀಯರು ತಾವು. ಇತ್ತ, ದಾರಿಯಲ್ಲಿ ಬಿದ್ದವರ ಹೆಸರು ಕೇಳದೆ ಒಂದು ಅಡಿಯೂ ಮುಂದೆ ಹೋಗದ ಆ ಹೊಟ್ಟೆಯ ಮನುಷ್ಯನಿಗೆ ಹತ್ತಕ್ಕೆ ಮೂರು. ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಏನೆಂದರೆ, ಸರ್ವರ್ ಮುಚ್ಚಿದರೆ ಅಳಿಸಿಹೋಗುವ ಆ ಊರಿನ ಜನಕ್ಕೆ ತಮ್ಮ ಬಂಗಲೆಯಲ್ಲಿ ಜಾಗ ಕೊಡಿ. ಹಾಳು ಸುರಿಯುವ ಎಷ್ಟೊಂದು ಕೋಣೆಗಳಿವೆ, ತಾವು ಹೇಗೂ ಮನೆಯಲ್ಲಿ ಇರುವುದಿಲ್ಲ. ಹುಣಸೂರಿನವರಿಗೆ ಒಂದು ಮಹಡಿ ಬಿಟ್ಟುಕೊಟ್ಟರೆ ಸಾಕು. ಸೀತತ್ತೆ ಬಾಗಿಲಿಗೆ ರಂಗೋಲಿ ಹಾಕಿಯಾರು, ಮೇಷ್ಟ್ರುಗಳಿಬ್ಬರನ್ನು ಬೇರೆ ಬೇರೆ ಕೋಣೆಯಲ್ಲಿ ಮಲಗಿಸುವ ಜವಾಬ್ದಾರಿ ಮಾತ್ರ ತಮ್ಮದು. ಇದು ಸಾಧ್ಯವಿಲ್ಲ ಎನ್ನುವುದಾದರೆ ತಾವು ರಾಜೀನಾಮೆ ಕೊಟ್ಟು, ತಮ್ಮ ಸರ್ವರ್ ತಿನ್ನುವ ಕರೆಂಟನ್ನು ಕಾಮೆಟ್‌ಗೆ ಬಿಟ್ಟುಕೊಡಿ.

ಉತ್ತರ ಬರುವುದಿಲ್ಲವೆಂದು ಗೊತ್ತಿರುವುದರಿಂದ ನನ್ನ ಕೈಲಾದದ್ದನ್ನು ನಾನು ಮಾಡಿದ್ದೇನೆ. ಕೆಲವು ದಿನಗಳ ಹಿಂದೆ ಕಾಮೆಟ್ ಒಬ್ಬ ಗಂಡಸನ್ನು ಕಾಪಾಡಿದ. ಬಸ್‌ನ ಮೇಲಿಂದ ಜಾರಿದವನು, ಕೈಯಲ್ಲಿ ಛತ್ರಿ, ತಲೆಯಲ್ಲಿ ಒಂದು ಕೂದಲೂ ಇಲ್ಲ. ಹೆಸರೇನು ಎಂದು ಗೇಮ್ ಕೇಳಿತು. ನನಗೆ ಬರೆಯಲಾಗಲಿಲ್ಲ. ಟಿವಿ ಆರಿಸಿದೆ. ಮರುದಿನ ಹಾಕಿದರೆ ಕಾಮೆಟ್ ಅವನನ್ನು ಎತ್ತಿಕೊಂಡು ಆಕಾಶದಲ್ಲೇ ಇದ್ದ. ಅದರ ಮರುದಿನವೂ. ಆತುರಪಡಿಸಲಿಲ್ಲ, ನಿಮ್ಮ ನೋವು ಅರ್ಥವಾಗುತ್ತದೆ ಎನ್ನಲಿಲ್ಲ. ಮುಂದಕ್ಕೆ ಹಾರಿಸುವ ಬಟನ್ ಇಲ್ಲದಿರುವುದು ದೋಷವೆಂದು ಬರೆದವರಲ್ಲಿ ಯಾರಿಗೂ ಕಾಯಬೇಕಾಗಿ ಬಂದಿರಲಿಕ್ಕಿಲ್ಲ.

ಇವತ್ತು ಬೆಳಿಗ್ಗೆ ಕಾಫಿ ಕುಡಿದು ಕುಳಿತು, ಮುಕುಂದ ಎಂದು ಬರೆದೆ. ಕುಟುಂಬದ ಹೆಸರಿನ ಜಾಗದಲ್ಲಿ ನಂಜುಂಡಯ್ಯ ಎಂದು ಹಾಕಿದೆ. ಅವರ ಪಾಸ್‌ಪೋರ್ಟಿನಲ್ಲಿ ಹಾಗಿರಲಿಲ್ಲ. ರಿಜೆಕ್ಟ್ ಆಗಲಿಲ್ಲ. ಕಾಮೆಟ್ ತನ್ನ ಎಂದಿನ ನಿಧಾನದಲ್ಲಿ ಊರೆಲ್ಲ ದಾಟಿ ಆ ಆಚೆಯ ಕಟ್ಟಡಕ್ಕೆ ಹಾರಿ ಅವರನ್ನು ಇಳಿಸಿದ. ಬ್ಯಾಗ್ ಹಿಡಿದ ಹೆಂಗಸು ಬಾಗಿಲು ತೆರೆದು, ಎಲ್ಲರಿಗೂ ಹೇಳುವ ಅದೇ ಮಾತು ಹೇಳಿದಳು: ತಡವಾಯಿತಲ್ಲ, ಒಳಗೆ ಬಾ.

ತಿಂಗಳ ಕೊನೆಯವರೆಗೆ ಆ ಮನೆಯಲ್ಲಿ ದೀಪ ಇರುತ್ತದೆ. ಆರಿಸುವವರು ತಾವು.

ತಮ್ಮ ಹತ್ತಕ್ಕೆ ಹತ್ತನ್ನು ಸದಾ ಸ್ಮರಿಸುವ, ಪಾಸ್‌ಪೋರ್ಟಿನಲ್ಲಿರುವಂತೆಯೇ ತಮ್ಮ ವಿಶ್ವಾಸಿ,
ಸರೋಜಾ ನಂಜುಂಡಯ್ಯ

ಮರೆತ ಮಾತು: ನಮ್ಮ ಕಿಟಕಿಯಾಚೆ ಬಿದಿರ ಕೋಲಿಗೆ ಬಟ್ಟೆ ಒಣಹಾಕಿ ಮಾರ್ಕೆಟ್‌ಗೆ ಹೊರಟಿದ್ದೇನೆ. ತಾವು ಎಲ್ಲಿ ನಿಂತರೆ ಅಲ್ಲಿ ಮಳೆ ಬರುತ್ತದೆಯಾದ್ದರಿಂದ ದಯಮಾಡಿ ನಮ್ಮ ಬ್ಲಾಕ್‌ನಿಂದ ದೂರವಿರಿ; ಅದಾಗದಿದ್ದರೆ, ಹೇಗೂ ಮೇಲೆಯೇ ಇರುತ್ತೀರಲ್ಲ, ಬಟ್ಟೆ ಎತ್ತಿಡಿ. ಮಡಚುವುದು ಬೇಡ, ಅದು ತಮ್ಮ ಕೈಲಾಗುವ ಕೆಲಸವಲ್ಲ.