ಹಿಂದಿನ ಗಾಲಿಯ ಗುಂಡುಗಳು

ಸೈಕಲ್ ತುಳಿಯುತ್ತ ಹಗಲುಗನಸು ಕಾಣುವವರನ್ನು ಜನ ಬೈಯುತ್ತಾರೆ. ನಾನು ಬೈಯಲಾರೆ, ನಾನೂ ಅದೇ ಪಂಗಡದವಳು. ಹಗರಿಬೊಮ್ಮನಹಳ್ಳಿಯ ಸುತ್ತಲಿನ ಹಳ್ಳಿಗಳಿಗೆ ಲಸಿಕೆಯ ಡಬ್ಬಿ ಕಟ್ಟಿಕೊಂಡು ಹೋಗುವ ನರ್ಸಮ್ಮನಾಗಿದ್ದ ಆ ವರ್ಷಗಳಲ್ಲಿ, ಜೋಳದ ಹೊಲಗಳ ನಡುವಿನ ದಾರಿ ಹಿಡಿದರೆ ಸಾಕು, ಕಾಲು ತನ್ನ ಪಾಡಿಗೆ ತುಳಿಯುತ್ತಿತ್ತು, ಮನಸ್ಸು ತನ್ನ ಪಾಡಿಗೆ ಹಾರುತ್ತಿತ್ತು. ಎಷ್ಟೋ ಸಲ ಹೋಗಬೇಕಾದ ಹಳ್ಳಿ ದಾಟಿ ಮುಂದಿನ ಹಳ್ಳಿಯಲ್ಲಿ ಎಚ್ಚರವಾಗಿದ್ದೇನೆ. ನನ್ನನ್ನು ಕಂಡು ಅಲ್ಲಿಯ ಮಕ್ಕಳು ವಿನಾಕಾರಣ ಓಡಿಹೋಗಿ ಅಡಗಿದ್ದಾರೆ.

ಈ ಸುಖಕ್ಕೆ ಕಲ್ಲು ಹಾಕಿದ್ದು ಹಿಂದಿನ ಗಾಲಿ. ಹೊಸ ಬೇರಿಂಗ್ ಹಾಕಿಸಿ ತಿಂಗಳು ತುಂಬುವುದರೊಳಗೆ ಗಾಲಿಯ ನಡುವಿನ ಹಬ್ಬಿನ ಒಳಗೆ ಯಾರೋ ಹುರಿಗಡಲೆ ಅಗಿಯುವಂಥ ಸದ್ದು. ಸೈಕಲ್ ಅಂಗಡಿಯ ಖಾದರಣ್ಣ ಬಿಚ್ಚಿ ನೋಡಿದರೆ ಗುಂಡುಗಳು ತರಿತರಿಯಾಗಿರುತ್ತಿದ್ದವು. ಮೊದಲು ಅವನು ರಸ್ತೆಯನ್ನು ಬೈದ, ಆಮೇಲೆ ಗುಂಡು ಮಾಡಿದವರನ್ನು ಬೈದ, ಕೊನೆಗೆ ನಟ್ಟು ಬಿಗಿಯಾಯಿತೇನೋ ಎಂದು ತನ್ನನ್ನೇ ಬೈದುಕೊಂಡ.

"ಅಕ್ಕಾರ, ನಾ ಬೆರಳಿಲೆ ತುಂಬಿದ್ದ ಗ್ರೀಸ್ ಎಲ್ಲಿ ಹೋತ್ರಿ? ಹಳ್ಳದಾಗ ಇಳಿಸಿದ್ರೇನು?"

"ಹಳ್ಳದಾಗ ನೀರರ ಎಲ್ಲೈತಿ ಖಾದರಣ್ಣ?"

ಒಂದು ದಿನ ಗಾಲಿ ಅರ್ಧದಾರಿಯಲ್ಲಿ ಕಚ್ಚಿಕೊಂಡು ನಿಂತೇಬಿಟ್ಟಿತು. ಡಬ್ಬಿಯ ಐಸು ಕರಗುವ ಮೊದಲು ಊರು ಮುಟ್ಟಬೇಕೆಂದು ಸೈಕಲ್ಲಿನ ಹಿಂಭಾಗ ಎತ್ತಿಕೊಂಡೇ ಓಡಿದೆ. ಆ ದಿನ ಕನಸು ಬೀಳಲಿಲ್ಲ.

ಭಾನುವಾರ ನಾನು ಬಸ್ಸು ಹತ್ತಿ ತವರಿಗೆ ಹೋಗುವುದು ವಾಡಿಕೆ. ಆ ಭಾನುವಾರ ತಲೆನೋವೆಂದು ಮನೆಯಲ್ಲೇ ಉಳಿದೆ. ಅಂಗಳದಲ್ಲಿ ನಮ್ಮ ಯಜಮಾನರು ಸೈಕಲ್ ಮಲಗಿಸಿಕೊಂಡು ಕೂತಿದ್ದರು. ಕೈಯಲ್ಲಿ ನನ್ನದೇ ಹಳೆಯ ಗಾಜಿನ ಸಿರಿಂಜು. ಹಬ್ಬಿನ ಎಣ್ಣೆ ತೂತಿಗೆ ಸೀಮೆಎಣ್ಣೆ ಚುಚ್ಚುತ್ತಿದ್ದರು. ಇನ್ನೊಂದು ಕಡೆಯಿಂದ ಕಪ್ಪು ರಸ ಇಳಿಯುತ್ತಿತ್ತು.

"ಏನ್ ಮಾಡಾಕ್ಹತ್ತೀರಿ?"

"ನೀ ಧೂಳಾಗ ತಿರುಗ್ತಿ. ಒಳಗ ಕರೀ ಹೊಲಸು ಕೂತಿರತೈತಿ. ವಾರಾವಾರ ತೆಗೀತೀನಿ."

"ಆ ಕರೀ ಹೊಲಸಿಗೆ ಗ್ರೀಸ್ ಅಂತಾರ್ರೀ!"

ಅವರ ಕೈ ನಿಂತಿತು. "ಹಂಗಾದ್ರ ಇಷ್ಟು ದಿನ ನಾನ ಕೆಡಿಸಿದ್ನೇನು?"

ಬಟ್ಟೆ ಅಂಗಡಿಯಲ್ಲಿ ದಿನವಿಡೀ ಹೆಂಗಸರಿಗೆ "ಈ ಬಣ್ಣ ನಿಮಗ ಒಪ್ಪತೈತ್ರಿ" ಎನ್ನುವ ಮನುಷ್ಯ. ಮನೆಯಲ್ಲಿ ನನಗೆ ಅಂಥ ಒಂದು ಮಾತೂ ಆಡಿದವರಲ್ಲ. ಆಡಬೇಕಾದ ಮಾತನ್ನೆಲ್ಲ ವಾರಾವಾರ ಆ ತೂತಿನೊಳಗೆ ಸುರಿದಿದ್ದರೆಂದು ಆಗ ತಿಳಿಯಿತು. ಪಕ್ಕದಲ್ಲಿ ಕೂತೆ. ಖಾದರಣ್ಣನಿಂದ ಹೊಸ ಗುಂಡು, ಗ್ರೀಸ್ ತಂದು ಇಬ್ಬರೂ ಬೆರಳಿನಿಂದ ತುಂಬಿದೆವು. ಅಂದಿನಿಂದ ಒಣಬಟ್ಟೆಯಲ್ಲಿ ಒರೆಸುವುದಷ್ಟೇ. ಸದ್ದು ಅಡಗಿತು.

ಆದರೆ ಭಾನುವಾರ ಬಂದರೆ ಅವರ ಕೈ ಖಾಲಿ. ನಾನು ತವರಿನಿಂದ ಮರಳಿದಾಗಲೂ ಸುಮ್ಮನೆ ಸೈಕಲ್ ಸುತ್ತ ಸುಳಿದಾಡುವುದನ್ನು ನೋಡಲಾರದೆ ಒಂದು ಸಂಜೆ, "ಹಂಪಸಾಗರದ ಹೊಳಿ ನೋಡಿ ಬರೋಣ ನಡೀರಿ" ಎಂದೆ.

ಅವರು ತುಳಿದರು, ನಾನು ಹಿಂದೆ ಕೂತೆ. ಬಿಸಿಲು ಅರಿಸಿನದ ಬಣ್ಣಕ್ಕೆ ತಿರುಗಿತ್ತು. ದೂರದಲ್ಲಿ ಹೊಳೆಯುತ್ತಿದ್ದದ್ದು ನೀರೋ ಆಕಾಶವೋ ತಿಳಿಯುತ್ತಿರಲಿಲ್ಲ. ಗಾಲಿ ಉಸಿರಾಡಿದಷ್ಟೇ ಮೆಲ್ಲಗೆ ತಿರುಗುತ್ತಿತ್ತು. ಕನಸಿನಲ್ಲಿ ನಾನು ಯಾವ ಊರನ್ನು ದಾಟಿದ್ದೆನೋ, ಸೈಕಲ್ ನಿಂತಿತು. ಇವರು ಇಳಿದು ಗಾಲಿಗೆ ಕಿವಿಯಿಟ್ಟರು.

"ಏನ್ರಿ, ಸಪ್ಪಳ?"

"ಇಲ್ಲ. ಇನ್ಮ್ಯಾಲ ಬೇರಿಂಗ್ ಹೋದ್ರ ಖಾದರಣ್ಣಗ ಕಾರಣ ನಾನ ಹೇಳ್ತೀನಿ" ಎಂದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

ಊರ ಕೂಸುಗಳನ್ನೆಲ್ಲ ತೂಗುವ ನಾನು ನನ್ನನ್ನೆಂದೂ ತೂಗಿಕೊಂಡವಳಲ್ಲ. ನಡೆದೇ ಬರುತ್ತೇನೆಂದು ಸಿಟ್ಟಿನಿಂದ ಇಳಿದೆ. ಹೊಳೆ ಇನ್ನೂ ದೂರವಿತ್ತು. ಒಂದು ಬೇವಿನ ಮರ ದಾಟುವಷ್ಟರಲ್ಲಿ, ಬೇರಿಂಗಿನ ಕ್ಷಮೆ ಕೇಳಿ ಮತ್ತೆ ಹಿಂದೆ ಹತ್ತಿ ಕೂತೆ.