ಹೊಟ್ಟೆ ತುಂಬ ಉಪವಾಸ

ಉಪವಾಸ ಮಾಡಿ ಮಾಡಿಯೇ ಮೈ ತುಂಬಿಕೊಂಡವರು ನಿಮ್ಮ ಪೈಕಿ ಯಾರಾದರೂ ಇದ್ದಾರೆಯೇ? ನಮ್ಮಲ್ಲಿ ಇದ್ದಾಳೆ. ನಮ್ಮ ಚಿಗವ್ವ! ಅವ್ವನ ತಂಗಿ. ಗೋವೆಯ ವಾಸ್ಕೋದ ಸಡಾ ಗುಡ್ಡದ ಮೇಲೆ ನಮ್ಮ ಮನೆಗೂ ಅವಳ ಮನೆಗೂ ನಡುವೆ ಒಂದೇ ಗೋಡೆ. ಬೆಳಿಗ್ಗೆ ಆ ಗೋಡೆಯಾಚೆಯಿಂದ ರೊಟ್ಟಿ ತಟ್ಟುವ ಸಪ್ಪಳ ಬಂದರೆ ಅದು ಬೇರೆಯವರ ಊಟ. ಎಣ್ಣೆಯಲ್ಲಿ ಏನೋ ಚೊಂಯ್ ಎಂದಿತೋ, ಇವತ್ತು ಚಿಗವ್ವನ ಉಪವಾಸ ಎಂದು ನಾವು ತಿಳಿದುಕೊಳ್ಳುತ್ತೇವೆ.

ಮೊದಲು ಅವಳ ಉದ್ಯೋಗ ಹೇಳಿಬಿಡುತ್ತೇನೆ. ಬಂದರಿನಲ್ಲಿ ದುಡಿಯುವ ನಮ್ಮ ವಿಜಯಪುರ, ಬಾಗಲಕೋಟೆ ಕಡೆಯ ಗಂಡಸರಿಗೆ ಊಟ ಮಾಡಿ ಕೊಡುತ್ತಾಳೆ. ಜೋಳದ ರೊಟ್ಟಿ, ಹೆಸರುಕಾಳು, ಪುಂಡಿಪಲ್ಯ, ಹಸಿ ಸೌತೆಕಾಯಿ, ನೀರು ಮಜ್ಜಿಗೆ. ಎದೆಗೆ ಯಾವುದು ಒಳ್ಳೆಯದೆಂದು ದೊಡ್ಡ ದೊಡ್ಡ ಡಾಕ್ಟರುಗಳು ಹೇಳುತ್ತಾರೋ ಅದಷ್ಟೂ ಅವಳ ಒಲೆಯ ಮೇಲೆ ದಿನಾ ಬೇಯುತ್ತದೆ. ಸಡಾದ ಎಷ್ಟೋ ಎದೆಗಳು ಅವಳಿಂದ ಗಟ್ಟಿಯಾಗಿ ಬಡಿದುಕೊಳ್ಳುತ್ತಿವೆ. ಅವಳು ಮಾತ್ರ ಅದನ್ನು ಬಾಯಿಗಿಡುವುದಿಲ್ಲ. ಯಾಕೆ? ಉಪವಾಸ!

ಸೋಮವಾರ ಶಿವನದು. ಕಾಕಾ, ಅಂದರೆ ಅವಳ ಗಂಡ, ಹಡಗಿನ ಮೇಲೆ ಕೆಲಸಕ್ಕೆ ಹತ್ತುತ್ತಿದ್ದ ಕಾಲಕ್ಕೆ ಕಾಲು ಜಾರದಿರಲಿ ಎಂದು ಹಿಡಿದದ್ದು. ಕಾಕಾ ರಿಟೈರಾಗಿ ವರ್ಷಗಳಾದವು. ಈಗ ಅವನು ಜಾರುವುದಿದ್ದರೆ ಟೀವಿ ಮುಂದಿನ ಕುರ್ಚಿಯಿಂದ. ಆದರೂ ಸೋಮವಾರ ನಿಂತಿಲ್ಲ. ಬಾಯ್ನಾ ಕಡಲದಂಡೆಯ ಗುಡಿಸಲನ್ನು ಸರಕಾರದವರು ಕೆಡವಿದಾಗ ತಲೆಯ ಮೇಲೊಂದು ಸೂರು ಸಿಗಲಿ ಎಂದು ಗುರುವಾರ ಹಿಡಿದಳು. ಸೂರು ಸಿಕ್ಕಿತು, ಅದಕ್ಕೆ ಸ್ಲ್ಯಾಬೂ ಬಿತ್ತು, ಗುರುವಾರ ಹಾಗೇ ಉಳಿಯಿತು. ಶನಿವಾರ ಹನುಮಪ್ಪನದು. ಅದು ಯಾತಕ್ಕೆಂದು ಕೇಳಿದರೆ, "ಹನುಮಪ್ಪಗ ಗೊತ್ತೈತಿ," ಅಷ್ಟೇ.

ಇವುಗಳ ಮೇಲೆ ಏಕಾದಶಿ. ಅದು ಅತ್ತೆಯಿಂದ ಬಂದದ್ದು! ಬೇರೆ ಅತ್ತೆಯರು ಮುಪ್ಪಿನಲ್ಲಿ ಸೊಸೆಗೆ ಬೋರಮಾಳ ಸರ ಕೊಡುತ್ತಾರೆ. ಇವಳ ಅತ್ತೆ, "ನನ್ನ ಕೈಲಿ ಆಗೂದಿಲ್ಲವಾ, ಇನ್ನ ನೀ ನಡಸು," ಎಂದು ಉಡಿಯಲ್ಲಿ ತೆಂಗಿನಕಾಯಿ ಹಾಕಿ, ತಮ್ಮ ಏಕಾದಶಿಯನ್ನು ಸೊಸೆಗೆ ಒಪ್ಪಿಸಿ ಮರುದಿನದಿಂದ ಸುಖವಾಗಿ ಅನ್ನ ಉಂಡರು. ನಮ್ಮಲ್ಲಿ ಹೊಲ ಇಲ್ಲದಿದ್ದರೂ ಹರಕೆಗೆ ವಾರಸುದಾರರು ಇದ್ದೇ ಇರುತ್ತಾರೆ.

ಉಪವಾಸ ಎಂದರೆ ಏನೂ ತಿನ್ನದಿರುವುದು ಎಂದು ನೀವು ತಿಳಿದಿದ್ದರೆ, ಪಾಪ, ನೀವು ಚಿಗವ್ವನ ಮನೆಗೆ ಬಂದಿಲ್ಲ. ಅವಳ ಶಾಸ್ತ್ರದಲ್ಲಿ ಅಕ್ಕಿ, ಜೋಳ, ಗೋಧಿ, ಬೇಳೆಗಳಷ್ಟೇ ನಿಷಿದ್ಧ. ಉಳಿದ ಸೃಷ್ಟಿಗೆ ದೇವರ ತಕರಾರಿಲ್ಲ. ಬೆಳಿಗ್ಗೆ ತುಪ್ಪದಲ್ಲಿ ಈಜುವ ಸಾಬುದಾಣಿ ಖಿಚಡಿ. ಬಾಯಾಡಿಸಲು ಕರಿದ ಬಟಾಟೆ ಚಿವಡಾ. ಮಧ್ಯಾಹ್ನ ಸಾಬುದಾಣಿ ವಡೆ. ಇಷ್ಟು ಕಠಿಣ ವ್ರತ ಮಾಡಿದ ಮೇಲೆ ಸಂಜೆ ನಿಶ್ಶಕ್ತಿ ಆಗದೇ ಇರುತ್ತದೆಯೇ? ಅದಕ್ಕೆ ಶೇಂಗಾ ಉಂಡಿ. ಮರುದಿನ ಉಪವಾಸ ಬಿಡಲು ಹೋಳಿಗೆ. ಹೋಳಿಗೆ ಇಲ್ಲದಿದ್ದರೆ ದೇವರು ಮುನಿಸಿಕೊಳ್ಳುತ್ತಾನಂತೆ!

"ಏ, ನಾಳೆ ಉಪಾಸ ಅಲ್ಲೇನ ನಿಂದು? ತುಪ್ಪ ಒಂದ ಡಬ್ಬಿ ತರ್ಲೋ, ಎರಡೋ?" ಎಂದು ಕಾಕಾ ಕುರ್ಚಿಯಿಂದಲೇ ಕೂಗುತ್ತಿದ್ದ.

"ನಗ್ರಿ, ನಗ್ರಿ. ನಿಮ್ಮ ಸಲುವಾಗಿನ ಹೊಟ್ಟಿ ಕಟ್ಟಿ ಸಾಯಾಕತ್ತೇನಿ."

"ಕಟ್ಟಿದ್ದ ಹೊಟ್ಟಿ ಹಿಂಗಿದ್ರ, ಬಿಚ್ಚಿದ್ರ ಹೆಂಗೋ ನಮ್ಮಪ್ಪಾ!"

ಈ ನಗೆ ಬಹಳ ದಿನ ನಡೆಯಲಿಲ್ಲ. ಒಂದು ಬೆಳಿಗ್ಗೆ ರೊಟ್ಟಿ ತಟ್ಟುತ್ತ ತಟ್ಟುತ್ತ ಚಿಗವ್ವ ಎದೆ ಹಿಡಿದುಕೊಂಡು ಗೋಡೆಗೆ ಒರಗಿ ಕೂತಳು. ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆಗೆ ನಾನು ಓಡಿ ಹೋದೆ. ಮೈಯೆಲ್ಲ ಬೆವರು. ರಿಕ್ಷಾದಲ್ಲಿ ಹಾಕಿಕೊಂಡು ಡಾಕ್ಟರರಲ್ಲಿಗೆ ನಡೆದೆ. ಆಸ್ಪತ್ರೆಗೆ ಯಾವಾಗಲೂ ನಾನೇ ಹೋಗಬೇಕು. ಅಪ್ಪ ಗೋಡೆ ಕಟ್ಟುವ ಗವಂಡಿ, ಅವ್ವ ಅವನ ಜೊತೆ ಇಟ್ಟಂಗಿ ಹೊತ್ತವಳು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲಿಗಳು ನಾನು. ಹಡಗು ಕಂಪನಿಯೊಂದರ ಕಚೇರಿಯಲ್ಲಿ ಗುಮಾಸ್ತಿಕೆ. ಡಿಗ್ರಿಗೆ ಚೌಕಟ್ಟು ಹಾಕಿಸಿ, ಯಾರು ಬಂದರೂ ಮೊದಲು ಅದೇ ಕಣ್ಣಿಗೆ ಬೀಳುವಂತೆ ನಡುಗೋಡೆಗೆ ಹೊಡೆದಿದ್ದೇನೆ. ಕಷ್ಟಪಟ್ಟು ಗಳಿಸಿದ್ದನ್ನು ಪೆಟ್ಟಿಗೆಯಲ್ಲಿ ಮುಚ್ಚಿಡುವ ಸಂಕೋಚ ನನಗಿಲ್ಲ.

ಡಾಕ್ಟರಬಾಯಿ ಗೋವೆಯ ಕ್ರಿಶ್ಚಿಯನ್ ಹೆಂಗಸು. ಎದೆಯ ಇ.ಸಿ.ಜಿ. ತೆಗೆಸಿ, ರಕ್ತ ಪರೀಕ್ಷೆ ಮಾಡಿಸಿ, ಕೊಂಕಣಿಯಲ್ಲಿ ಒಂದೊಂದೇ ಕೇಳುತ್ತ ಹೋದರು. ನಾನು ಕನ್ನಡಕ್ಕೆ ದಾಟಿಸುತ್ತಿದ್ದೆ.

"ದಿನಾ ಏನ್ ತಿಂತಿ ಅಂತ ಕೇಳಾಕತ್ತಾರ, ಚಿಗವ್ವಾ."

"ನಾ ಏನ್ ತಿಂತೇನಿ? ವಾರದಾಗ ಮೂರ ದಿನ ಉಪಾಸನ ಇರ್ತೇನಂತ ಹೇಳು."

ಡಾಕ್ಟರಬಾಯಿಯ ಮುಖ ಅರಳಿತು. ಪಾಪ, ಅವರಿಗೆ ಉಪವಾಸವೆಂದರೆ ಈಸ್ಟರ್ ಮುಂಚಿನ ಅರೆಹೊಟ್ಟೆಯ ಸಪ್ಪೆ ಊಟ. "ಬರೇಂ, ಬರೇಂ!" ಎಂದರು. ಒಳ್ಳೆಯದು, ಒಳ್ಳೆಯದು! ಚಿಗವ್ವ ತನಗೂ ಒಂದು ಡಿಗ್ರಿ ಸಿಕ್ಕವಳಂತೆ ನನ್ನ ಕಡೆ ನೋಡಿದಳು.

"ಉಪ್ಪು?"

"ಉಪಾಸದ ದಿನಾ ಉಪ್ಪ ಮುಟ್ಟೂದ ಇಲ್ಲಂತ ಹೇಳವಾ."

"ಬರೇಂ!"

ನನ್ನ ನಾಲಿಗೆಗೆ ಇನ್ನು ತಡೆಯಲಾಗಲಿಲ್ಲ. ಮುಟ್ಟುವುದು ಉಪ್ಪಲ್ಲ ನಿಜ, ಸೈಂಧವ ಲವಣ, ಅದೂ ಮುಷ್ಟಿಗಟ್ಟಲೆ ಎಂದೆ. ಖಿಚಡಿಯ ತುಪ್ಪ ಹೇಳಿದೆ. ಚಿವಡಾ ಹೇಳಿದೆ. ವಡೆಗೆ ಬರುವ ಹೊತ್ತಿಗೆ ಡಾಕ್ಟರಬಾಯಿ ಪೆನ್ನು ಕೆಳಗಿಟ್ಟಿದ್ದರು. ಹೋಳಿಗೆ ಕೇಳಿ ಕನ್ನಡಕ ತೆಗೆದರು.

"ಸೈಂಧವವೂ ಉಪ್ಪೇ," ಎಂದರು. "ಬಿ.ಪಿ.ಗೆ ದೇವರ ಉಪ್ಪು, ಮನುಷ್ಯರ ಉಪ್ಪು ಅಂತ ಭೇದವಿಲ್ಲ. ಬೇರೆಯವರಿಗೆ ಮಾಡಿ ಕೊಡುತ್ತಾಳಲ್ಲ, ಆ ರೊಟ್ಟಿ, ಕಾಳು, ಸೊಪ್ಪು, ಅದನ್ನೇ ತಾನೂ ತಿನ್ನಲಿ. ಗುಳಿಗೆ ಬರೆದಿದ್ದೇನೆ. ಆದರೆ ಈ ಉಪವಾಸ ನಿಲ್ಲದಿದ್ದರೆ ಗುಳಿಗೆ ಏನೂ ಮಾಡಲಾರದು. ಎದೆಯ ನಾಳ ಕಟ್ಟುತ್ತ ಬಂದಿದೆ. ಮುಂದಿನ ಸಲ ರಿಕ್ಷಾ ಹಿಡಿಯುವಷ್ಟು ಹೊತ್ತು ಸಿಗಲಿಕ್ಕಿಲ್ಲ."

ಇದನ್ನೂ ನಾನು ಒಂದಕ್ಷರ ಬಿಡದೆ ಕನ್ನಡಕ್ಕೆ ದಾಟಿಸಿದೆ. ಚಿಗವ್ವ ಹೊರಗೆ ಬಂದವಳೇ, "ಚಾಡಿ ಹೇಳಿದಿ ಅಲಾ! ಇದಕ್ಕೇನ ನಿನ್ನ ಸಾಲಿ ಕಲಿಸಿದ್ದು?" ಎಂದಳು.

ಆದರೂ ಹೆದರಿದ್ದಳು. ಮರುವಾರವೇ ದೇವರುಗಳ ಜೊತೆ ಮಾತುಕತೆ ಶುರುವಾಯಿತು. ಶಿವನಿಗೆ ಕಾಯಿ ಒಡೆಸಿ, "ನಮ್ಮ ಮನ್ಯಾರು ರಿಟೈರ್ ಆಗ್ಯಾರ, ನೀನೂ ಆಗೋ ನಮ್ಮಪ್ಪಾ," ಎಂದು ಸೋಮವಾರ ಮುಗಿಸಿದಳು. ಸ್ಲ್ಯಾಬು ಗಟ್ಟಿಯಿದೆ ಎಂದು ಅಪ್ಪನ ಬಾಯಿಂದ ಹೇಳಿಸಿಕೊಂಡು ಗುರುವಾರ ಬಿಟ್ಟಳು. ಏಕಾದಶಿಗೆ ಸೀದಾ ಟೀವಿ ಮುಂದೆ ಹೋಗಿ ನಿಂತಳು.

"ನಿಮ್ಮವ್ವಂದ ಅಲ್ಲೇನ ಏಕಾದಶಿ? ಇನ್ನ ನೀವ ಮಾಡ್ರಿ."

"ನಾ ಯಾಕ? ನಾ ಏನ್ ಪಾಪ ಮಾಡೇನಿ?"

"ನೆನಪಿಲ್ಲೇನ? ಹೇಳ್ಳೇನ ಇಕಿ ಮುಂದನ?"

ಕಾಕಾ ಟೀವಿಯ ಧ್ವನಿ ಸಣ್ಣದು ಮಾಡಿ, ತೆಪ್ಪಗೆ ಶಾಲು ಒಡ್ಡಿ ಕಾಯಿ ಹಾಕಿಸಿಕೊಂಡ.

ಉಳಿದದ್ದು ಶನಿವಾರ. ಅದರ ಮಾತೆತ್ತಿದರೆ ಚಿಗವ್ವ ಕಿವುಡಿ. ಶಿವನನ್ನೇ ಬಿಟ್ಟವಳಿಗೆ ಹನುಮಪ್ಪನ ಹೆದರಿಕೆಯೇ? ಬರುವ ಶನಿವಾರ ನೋಡೋಣ ಎಂದುಕೊಂಡೆ. ಬಂತು. ಬೆಳಿಗ್ಗೆ ಗೋಡೆಯಾಚೆ ಚೊಂಯ್!

ಚಪ್ಪಲಿ ಹಾಕಿಕೊಳ್ಳದೆ ಹೋದೆ. "ಸಾಯ್ಬೇಕಂತ ಮಾಡೀಯೇನ? ಡಾಕ್ಟರಬಾಯಿ ಹೇಳಿದ್ದು ಕಿವ್ಯಾಗ ಬಿತ್ತೋ ಇಲ್ಲೋ?"

"ಬಿದ್ದೈತಿ."

"ಮತ್ತ? ಅಂಥಾದ್ದೇನ ಬೇಡಿಕೊಂಡೀ ಹನುಮಪ್ಪಗ?"

ಅವಳು ಬಾಣಲೆಯಿಂದ ಕಣ್ಣೆತ್ತಲಿಲ್ಲ. "ಇದು ನಿಂದವಾ," ಎಂದಳು. "ನೀ ಸಣ್ಣಾಕಿ ಇದ್ದಾಗ ನಿಮ್ಮಪ್ಪ ಸಾಲಿ ಸಾಕಂದಿದ್ದ. ಫಾತೋರ್ಡಾದಾಗ ಕಟ್ಟಡದ ಕೆಲಸ ಹತ್ತಿತ್ತು, ಅವ್ವನ ಜೋಡಿ ಇಟ್ಟಂಗಿ ಹೊರಾಕ ಬರ್ಲಿ ಅಂದ. ಅವತ್ತ ಹಿಡಿದೆ. ಈ ಕೂಸಿನ ಓದು ನಿಲ್ಲಬಾರದಪಾ ಅಂತ."

"ನಿಲ್ಲಲಿಲ್ಲಲ್ಲ! ಡಿಗ್ರಿ ಆತು, ನೌಕರಿ ಆತು!"

"ಆತು. ಬಿಟ್ಟ ಮ್ಯಾಲೆ ನಿನಗೇನರೆ ಆದ್ರ? ನಿಮ್ಮ ಕಾಕಾಂದು ಬಿಟ್ಟೆ, ಮನೀದು ಬಿಟ್ಟೆ. ನಿಂದು ಬಿಡಾಕ ಧೈರ್ಯ ಸಾಲವಲ್ತು."

ನಾನು ಗೋಡೆ ನೋಡಿದೆ. ಅದರ ಆ ಮಗ್ಗುಲಿಗೆ ನನ್ನ ಚೌಕಟ್ಟು ಹೊಡೆದ ಮೊಳೆ. ಈ ಮಗ್ಗುಲಿಗೆ ಇಷ್ಟು ವರ್ಷದ ಶನಿವಾರಗಳ ಎಣ್ಣೆ ಜಿಡ್ಡು.

ಹಾಗೆಂದು ಬಿಟ್ಟುಕೊಡಲಾದೀತೇ? ಅವಳನ್ನು ವಾದದಿಂದ ಗೆಲ್ಲಲು ನನ್ನ ಡಿಗ್ರಿ ಸಾಲದು, ಅವಳ ಶಾಸ್ತ್ರವೇ ಬೇಕು. ಒಲೆ ಆರಿಸಿದೆ.

"ನಿಮ್ಮತ್ತಿ ಏಕಾದಶಿ ನಿನಗ ಹೆಂಗ ಕೊಟ್ಲು?"

"ಉಡ್ಯಾಗ ಕಾಯಿ ಹಾಕಿ. ಯಾಕ?"

"ತಾ ಕಾಯಿ." ಓಢಣಿಯ ಸೆರಗು ಒಡ್ಡಿ ನಿಂತೆ. "ನಂದಲ್ಲೇನ? ನಾ ನಡಸ್ತೇನಿ. ನೀ ಶನಿವಾರ ರೊಟ್ಟಿ ಪುಂಡಿಪಲ್ಯ ತಿನ್ನು. ಹನುಮಪ್ಪಗೂ ಲುಕ್ಸಾನಿಲ್ಲ, ಡಾಕ್ಟರಬಾಯಿಗೂ ಇಲ್ಲ."

ಅವಳು ಸೆರಗಿಗೆ ಕೈ ಒರೆಸಿಕೊಂಡಳು. ಆಮೇಲೆ ಎದ್ದು, ದೇವರ ಮಾಡದಿಂದ ಕಾಯಿ ತಂದು, ಕುಂಕುಮ ಹಚ್ಚಿ ನನ್ನ ಉಡಿಗೆ ಹಾಕಿದಳು.

ಮುಂದಿನ ಶನಿವಾರ ನನ್ನ ಮೊದಲ ಉಪವಾಸ. ಬಾಳೆಹಣ್ಣು, ನೀರು ಮಜ್ಜಿಗೆ, ಅಷ್ಟೇ ಎಂದು ಶಪಥ ಮಾಡಿದ್ದೆ. ಕಚೇರಿಯಿಂದ ಮಧ್ಯಾಹ್ನ ಬಂದು ನೋಡಿದರೆ ಚಿಗವ್ವ ತನ್ನ ರೊಟ್ಟಿ ಉಂಡು, ಕೈ ತೊಳೆದು, ಸ್ಟೀಲಿನ ಡಬ್ಬಿ ಹಿಡಿದು ನಮ್ಮ ಹೊಸ್ತಿಲಲ್ಲಿ ಕೂತಿದ್ದಾಳೆ!

"ಖಿಚಡಿ ತಂದೇನಿ. ಉಪಾಸ ಇದ್ದಾಕಿ ಬರೇ ಹೊಟ್ಟಿಲೆ ಇರಬಾರದವಾ."

ಇದಕ್ಕಾಗಿಯೇ ಇಷ್ಟೆಲ್ಲ ಮಾಡಿದ್ದೇ? ಅವಳ ನಾಳ ಬಿಡಿಸಿ ನನ್ನ ನಾಳ ಕಟ್ಟಿಸಿಕೊಳ್ಳಲಿಕ್ಕೆ? ಬೈಯಲು ಬಾಯಿ ತೆರೆದುಕೊಂಡೇ ಡಬ್ಬಿ ತೆಗೆದೆ. ಒಳಗೆ ಬಿಡಿಬಿಡಿಯಾದ, ಬಿಳಿಚಿದ ಸಾಬುದಾಣಿ. ತುಪ್ಪದ ಹೊಳಪಿಲ್ಲ. ಬಟಾಟೆಯ ಜಾಗದಲ್ಲಿ ಹೆಚ್ಚಿದ ಸೌತೆಕಾಯಿ. ಒಂದು ತುತ್ತು ಬಾಯಿಗಿಟ್ಟೆ. ಉಪ್ಪೂ ಇದೆಯೋ ಇಲ್ಲವೋ!

"ಚಿಗವ್ವಾ, ತುಪ್ಪ ಎಲ್ಲೆ ಹೋತು?"

"ಹಾಕಿಲ್ಲ."

"ತುಪ್ಪ ಇಲ್ದ ಹನುಮಪ್ಪಗ ಮುಟ್ಟೂದಿಲ್ಲ ಅಂತಿದ್ದಿ?"

"ನನ್ನ ಎದಿ, ಹೋದ್ರ ಹೋಗ್ಲಿ ಅಂತ ಸುರೀತಿದ್ದೆ," ಎಂದಳು, ನನ್ನ ಮುಖ ನೋಡದೆ ಸೆರಗಿನಿಂದ ಡಬ್ಬಿಯ ಮುಚ್ಚಳ ಒರೆಸುತ್ತ. "ನಿನ್ನ ಎದಿ ಮ್ಯಾಲೆ ಹೆಂಗ ಸುರೀಲಿ?"

ಜೀವಮಾನದಲ್ಲಿ ಅಷ್ಟು ಸಪ್ಪೆಯ ಖಿಚಡಿಯನ್ನು ನಾನು ತಿಂದಿರಲಿಲ್ಲ. ಇನ್ನಷ್ಟು ಇದ್ದರೆ ಹಾಕು ಎಂದೆ.