ಅರ್ಧ ಅಡಿ ಕಲ್ಲು

ಮೂರು ಸಾವಿರ ವರ್ಷದಿಂದ ಕದಲದೆ ನಿಂತಿದ್ದ ಕಲ್ಲು ಆ ಬೆಳಿಗ್ಗೆ ಅರ್ಧ ಅಡಿ ಕುಳ್ಳಾಗಿತ್ತು.

ಕಾವಲುಗಾರ ಏಣಿ ಹತ್ತಿ ಮತ್ತೆ ಅಳೆದ. ಪುರಾತತ್ವ ಇಲಾಖೆಯ ಪುಸ್ತಕದಲ್ಲಿ ಒಂಬತ್ತು ಅಡಿ. ಎದುರಂಗಡಿ ದರ್ಜಿಯಿಂದ ತಂದ ಟೇಪಿನಲ್ಲಿ ಎಂಟೂವರೆ. ಮಧ್ಯಾಹ್ನ ಸಾಹೇಬರ ತಪಾಸಣೆ. ಎಲ್ಲ ಪುಸ್ತಕದಲ್ಲಿದ್ದಂತೆ ಇದ್ದರೆ ಹನ್ನೊಂದು ವರ್ಷದಲ್ಲಿ ಮೊದಲ ಸಲ ಹತ್ತು ದಿನ ರಜೆ, ಸಂಜೆಯ ಬಸ್ಸು, ಇನ್ನೂ ಮುಖ ನೋಡದ ಮೊಮ್ಮಗಳು.

“ಕಲ್ಲು ಎಲ್ಲಿಗೆ ಹೋಗುತ್ತೆ ರೀ? ಕನ್ನಡಕದ ಹಾಗೆ ನೀವೇ ಎಲ್ಲೋ ಇಟ್ಟು ಮರೆತಿರ್ತೀರಿ,” ಎಂದಳು ಹೆಂಡತಿ, ಬ್ಯಾಗಿನ ಜಿಪ್ಪು ಎಳೆಯುತ್ತ.

ಬೇಲಿಗೆ ಆತುಕೊಂಡಿದ್ದ ನಿವೃತ್ತ ಮೇಷ್ಟ್ರು, “ವಯಸ್ಸಾದ್ಮೇಲೆ ಕುಗ್ಗೋದೇ ಕಣಯ್ಯಾ. ನಾನೇ ಎರಡಿಂಚು ಹೋಗಿದೀನಿ,” ಎಂದರು. ಒಂದು ಕ್ಷಣ ಯೋಚಿಸಿ ತಿದ್ದಿಕೊಂಡರು: “ಅಲ್ಲ, ಇದು ಹೂತಿದೆ. ಬುಡದ ಮಣ್ಣು ಅರ್ಧ ಅಡಿ ತೆಗಿ.”

“ಅಗೆದ್ರೆ ಜೈಲು ಅಂತ ಬೋರ್ಡಿದೆ ಸಾರ್.”

“ಬೋರ್ಡು ನೋಡೋಕೆ ಬಂದೋರಿಗೆ. ನೀನು ಕಾಯೋನು!”

ದರ್ಜಿ ಪಿಕಾಸಿ ಹಿಡಿದು ಓಡಿಬಂದ. ಟೇಪು ಒಂಬತ್ತು ಅಡಿ ತೋರಿಸುವವರೆಗೂ ಅಗೆದರು. ಮೇಲೆ ತರಗೆಲೆ ಹರಡಿ, ಏನೂ ಅರಿಯದ ಮುಖ ಮಾಡಿಕೊಂಡು ನಿಂತರು.

ಸಾಹೇಬರು ಬಂದು ಸ್ಟೀಲ್ ಟೇಪು ಎಳೆದರು. “ಒಂಬತ್ತೂವರೆ! ಇದು ನಮ್ಮ ಕಲ್ಲಲ್ಲ. ಹಳೇದನ್ನ ಎಲ್ಲಿಗೆ ಸಾಗಿಸಿದೆ?”

ಕಾವಲುಗಾರ ಕಣ್ಣು ಕಣ್ಣು ಬಿಟ್ಟ. ದರ್ಜಿ ಅವನ ಕಿವಿಯಲ್ಲಿ ಉಸುರಿದ: “ಅಣ್ಣಾ, ನನ್ನ ಟೇಪು ಇಪ್ಪತ್ತು ವರ್ಷ ಹೊಟ್ಟೆಗಳ ಸುತ್ತ ಎಳೆದೂ ಎಳೆದೂ ಹಿಗ್ಗಿದೆ; ಒಂಬತ್ತನ್ನ ಎಂಟೂವರೆ ಅಂತ ತೋರಿಸುತ್ತೆ. ಅದರಲ್ಲೇ ಅಳೆದು ಅದರಲ್ಲೇ ಕತ್ತರಿಸ್ತೀನಲ್ಲ, ಇವತ್ತಿನವರೆಗೂ ಯಾರಿಗೂ ಗೊತ್ತಾಗಿಲ್ಲ.”

ಅಗೆದೆನೆಂದರೆ ಜೈಲು; ಬದಲಾಯಿಸಿದೆನೆಂದರೂ ಜೈಲು. ಕಾವಲುಗಾರನ ಬಾಯಿಂದ ಮಾತು ತಾನಾಗಿ ಜಾರಿತು: “ಬೆಳೆದಿದೆ ಸಾರ್.”

ಸಾಹೇಬರು ಕಲ್ಲನ್ನು ನೋಡಿದರು, ಅವನನ್ನು ನೋಡಿದರು. ನಿಧಾನವಾಗಿ ಅವರ ಮುಖ ಬಡ್ತಿಯ ಆದೇಶ ಕೈಗೆ ಬಂದವರಂತೆ ಅರಳಿತು. “ಬೆಳೆಯೋ ಕಲ್ಲು! ಪ್ರಪಂಚದಲ್ಲೇ ಇಲ್ಲ! ಗಂಟೆಗೊಂದು ಸಲ ಅಳೆದು ಬರೆದಿಡು. ಇದು ನಿನ್ನ ಕೈಗುಣಕ್ಕೆ ಒಗ್ಗಿದೆ, ಬೇರೆಯವರು ಬೇಡ. ರಜೆಯ ಮಾತೇ ಎತ್ತಬೇಡ.”

ಸ್ಟೀಲ್ ಟೇಪನ್ನು ಜೇಬಿಗಿಳಿಸಿ ಹೊರಟರು. ಹೆಂಡತಿ ಬ್ಯಾಗಿನ ಜಿಪ್ಪನ್ನು ಸರ್ರೆಂದು ಬಿಚ್ಚಿದಳು.

ಸಂಜೆ, ಬಸ್ಸು ಹೊರಟ ಹೊತ್ತಿಗೆ, ಸಾಹೇಬರ ಫೋನು: “ಎಷ್ಟಾಯ್ತಯ್ಯಾ?”

ಇದ್ದದ್ದು ದರ್ಜಿಯ ಟೇಪು ಒಂದೇ. ಗಡಿಬಿಡಿಯಲ್ಲಿ ಅದು ಹಿಗ್ಗಿದ್ದನ್ನೂ ಮರೆತು ಅದನ್ನೇ ಹಿಡಿದು ಅಳೆದಿದ್ದ. ಪುಸ್ತಕದಲ್ಲಿದ್ದಷ್ಟೇ ಬಂದಿತ್ತೆಂದು ಅವನಿಗೆ ಜೀವ ಬಂದಂತಾಯಿತು. “ಸರಿಯಾಗಿ ಒಂಬತ್ತು ಅಡಿ ಸಾರ್!”

“ಏನು! ಬೆಳೆದಿದ್ದು ಮತ್ತೆ ಅರ್ಧ ಅಡಿ ಕುಗ್ಗಿತಾ? ಅಲ್ಲಿಂದ ಅಲ್ಲಾಡಬೇಡ ಮಾರಾಯಾ! ಇನ್ಮೇಲೆ ಅರ್ಧ ಗಂಟೆಗೊಂದು ಸಲ ಅಳೆ!”